ಶನಿವಾರದ ಎಂಟು ಗಂಟೆ

ವಿಶ್ವವಿದ್ಯಾಲಯದ ಕಾಗದಪತ್ರಗಳಲ್ಲಿ ಅವರ ಹುದ್ದೆಗೆ ಒಂದು ಉದ್ದನೆಯ ಹೆಸರಿತ್ತು. ಹೊರದೇಶಗಳಿಂದ ಓದಲು ಬಂದವರು ಮಾತ್ರ ಅವರನ್ನು ಅರ್ಜಿ ಅಕ್ಕ ಅಂತಲೇ ಕರೆಯುತ್ತಿದ್ದರು. ಓದುವಾಗ ಮಾಡುವ ಪಾರ್ಟ್‌ಟೈಮ್ ಕೆಲಸವಿರಲಿ, ಓದು ಮುಗಿದ ಮೇಲಿನ ನೌಕರಿಯಿರಲಿ, ಆ ಮಕ್ಕಳ ಅರ್ಜಿ ಮೊದಲು ಅಕ್ಕನ ಕೈ ದಾಟಬೇಕಿತ್ತು. ನಾನು ಅದೇ ಕೋಣೆಯಲ್ಲಿ ಕೂತು ಹಾಸ್ಟೆಲ್ ಕೋಣೆಗಳ ಬೀಗದ ಕೈ ನೋಡಿಕೊಳ್ಳುತ್ತಿದ್ದವನು. ನಮ್ಮದು ಮೆಟ್ಟಿಲ ಕೆಳಗಿನ ಕೋಣೆ. ತರಗತಿ ಬಿಟ್ಟಾಗ ನೂರಾರು ಕಾಲುಗಳು ತಲೆಯ ಮೇಲೆ ಧಡಧಡ ಇಳಿದು ಹೋಗುತ್ತಿದ್ದವು. ಆಗ ಅಕ್ಕ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ಸದ್ದು ಅಡಗುವ ತನಕ ಕಾಯುತ್ತಿದ್ದರು.

ಹದಿನೇಳು ವರ್ಷ ಅವರು ಅದೇ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲ ಹಿಂದೆ ಒಂದು ಕಪ್ಪು ಕೋಟು ನೇತುಹಾಕಿದ್ದರು. ಇಂಟರ್‌ವ್ಯೂಗೆ ಹೋಗುವವರು ಯಾರು ಬೇಕಾದರೂ ತೊಟ್ಟುಕೊಂಡು ಹೋಗಬಹುದು. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿ ಮಾಡಿ, "ಅವರಿಗೆ ಬೆನ್ನು ತೋರಿಸಬೇಡ" ಅಂತ ಕಳಿಸುತ್ತಿದ್ದರು. ನಿಮ್ಮ ಬಗ್ಗೆ ಹೇಳಿ ಅಂದರೆ ತಾತನಿಂದ ಶುರು ಮಾಡುವ ಮಕ್ಕಳನ್ನು ಕೂರಿಸಿಕೊಂಡು ನಾಲ್ಕು ವಾಕ್ಯ ಬಾಯಿಪಾಠ ಮಾಡಿಸುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಹತ್ತರಲ್ಲಿ ಒಬ್ಬರಿಗೆ ಕೆಲಸ ಸಿಕ್ಕರೆ ಹೆಚ್ಚು. ಇಲ್ಲಿ ದುಡಿಯಲು ಸರ್ಕಾರದ ಪರ್ಮಿಟ್ ಬೇಕಾದವರು ಅಂತ ಗೊತ್ತಾದ ಕೂಡಲೇ ಕಂಪನಿಯವರ ದನಿ ಬದಲಾಗುತ್ತಿತ್ತು. ನೋಡ್ತೀವಿ ಅಂದರೆ ನೋಡಲ್ಲ ಅಂತಲೇ ಅರ್ಥ ಎನ್ನುವುದು ನನಗೂ ಅವರ ಫೋನು ಕೇಳಿ ಕೇಳಿ ಗೊತ್ತಾಗಿಹೋಗಿತ್ತು.

ಆ ವರ್ಷ ಬಂದವಳನ್ನು ನಾವು ಸೇತುವೆ ಅಂತ ಕರೆಯುತ್ತಿದ್ದೆವು. ಕಟ್ಟಡ ವಿಜ್ಞಾನ ಓದುತ್ತಿದ್ದ ಹುಡುಗಿ. ಯಾವ ಸೇತುವೆ ಕಂಡರೂ ಕೆಳಗಿಳಿದು ಅದರ ಹೊಟ್ಟೆ ನೋಡದೆ ಮುಂದೆ ಹೋಗುವವಳಲ್ಲ. ಹೊರದೇಶದಿಂದ ಬಂದು ಓದುವವರು ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಬಹುದು ಅಂತ ನಿಯಮ. ಆ ಇಪ್ಪತ್ತನ್ನೂ ಅವಳು ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಾ ಕಳೆಯುತ್ತಿದ್ದಳು. ಬಿಸಿ ಬಟ್ಟೆ ಎತ್ತಿ ಎತ್ತಿ ಬೆರಳ ತುದಿಗಳು ನುಣುಪಾಗಿ ಹೋಗಿದ್ದವು. ಗ್ರಂಥಾಲಯದ ಬಾಗಿಲಿನ ಯಂತ್ರ ಅವಳ ಹೆಬ್ಬೆಟ್ಟು ಒಪ್ಪುತ್ತಿರಲಿಲ್ಲ; ಅದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು.

ಅಕ್ಕ ಅವಳಿಗಾಗಿ ಮೂವತ್ತಕ್ಕೂ ಹೆಚ್ಚು ಕಡೆ ಫೋನು ಮಾಡಿದರು. ಕೊನೆಗೆ ಹಳೆಯ ಸೇತುವೆಗಳನ್ನು ತಪಾಸಣೆ ಮಾಡುವ ಒಂದು ಸಣ್ಣ ಕಚೇರಿಯ ಯಜಮಾನರು, ಶನಿವಾರ ಶನಿವಾರ ಕಳಿಸಿ, ಕೈ ಹೇಗಿದೆ ನೋಡೋಣ, ಆದರೆ ಈಗಲೇ ಸಂಬಳ ಕೊಡೋಕಾಗಲ್ಲ ಅಂದರು. ಹುಡುಗಿಗೆ ಇಪ್ಪತ್ತು ಗಂಟೆಯ ಚಿಂತೆ. ಸಂಬಳವಿಲ್ಲದೆ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆಯೇ ಅಂತ ಕೇಳಿದಳು. ಬರಲ್ಲ ಅಂದರು ಅಕ್ಕ. ಮರುದಿನ ಬಂದು ಅದನ್ನೇ ಮತ್ತೆ ಕೇಳಿದಳು.

"ಹದಿನೇಳು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ ಮಗಳೇ. ಧೈರ್ಯವಾಗಿ ಹೋಗು" ಅಂದರು ಅಕ್ಕ. ನಾನೂ ಕೇಳಿಸಿಕೊಂಡೆ.

ಹನ್ನೊಂದು ಶನಿವಾರ ಹೋದಳು. ಸಣ್ಣ ಸುತ್ತಿಗೆ ಹಿಡಿದು ಕಾಂಕ್ರೀಟಿನ ಮೇಲೆ ತಟ್ಟುತ್ತಾ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ಸದ್ದಿನಲ್ಲೇ ಪತ್ತೆ ಹಚ್ಚುವ ಕೆಲಸ. ಹುಡುಗಿಗೆ ಒಳ್ಳೇ ಕಿವಿ ಇದೆ, ನನ್ನ ಹಳಬರಿಗೂ ಇಷ್ಟು ಸೂಕ್ಷ್ಮ ಇಲ್ಲ ಅಂತ ಯಜಮಾನರೇ ಫೋನು ಮಾಡಿ ಹೇಳಿದರು. ಪರೀಕ್ಷೆ ಮುಗಿದ ವಾರವೇ ನೇಮಕದ ಪತ್ರ ಬಂತು. ಪರ್ಮಿಟ್ಟಿಗೆ ಬಲ ಬರಲಿ ಅಂತ ಅಕ್ಕ ಒಂದು ಅನುಭವದ ಪತ್ರವನ್ನೂ ಕೇಳಿದರು. ತಾರೀಖು, ಗಂಟೆ ಎಲ್ಲ ವಿವರವಾಗಿ ಬರೆಯಿರಿ ಅಂದರು. ಯಜಮಾನರು ಪ್ರಾಮಾಣಿಕ ಮನುಷ್ಯ. ಹನ್ನೊಂದು ಶನಿವಾರ, ದಿನಕ್ಕೆ ಎಂಟು ಗಂಟೆ ಅಂತ ಒಂದೂ ಬಿಡದೆ ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕಳಿಸಿದರು.

ಅರ್ಜಿ ಹಾಕಿದ ಐದನೇ ವಾರಕ್ಕೆ ಪರ್ಮಿಟ್ ಕಚೇರಿಯಿಂದ ಉತ್ತರ ಬಂತು. ಅನುಮತಿ ಮೀರಿ ದುಡಿದ ಕಾರಣ ಪರ್ಮಿಟ್ ಇಲ್ಲ. ಇಪ್ಪತ್ತೆಂಟು ದಿನದೊಳಗೆ ದೇಶ ಬಿಡಬೇಕು. ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಸಾಕ್ಷಿಯಾಗಿ ಆ ಅನುಭವದ ಪತ್ರದ ಪ್ರತಿಯನ್ನೇ ಲಗತ್ತಿಸಿದ್ದರು.

ಅಕ್ಕ ಆ ಕಚೇರಿಯ ಹಳೆಯ ಸುತ್ತೋಲೆಗಳನ್ನು ತೆಗೆದು ಕೂತರು. ಹದಿನಾಲ್ಕು ತಿಂಗಳ ಹಿಂದೆ ಬಂದದ್ದರಲ್ಲಿ ಮೊದಲ ಪುಟವೆಲ್ಲ ಫೋಟೋ ಎಷ್ಟು ಅಗಲವಿರಬೇಕು, ಹಿನ್ನೆಲೆ ಯಾವ ಬಣ್ಣದ್ದಿರಬೇಕು ಅಂತ ಇತ್ತು. ಅಷ್ಟು ಓದಿ ಅವರು ಫೈಲಿಗೆ ಸೇರಿಸಿದ್ದರು. ಮೂರನೇ ಪುಟದಲ್ಲಿ ಒಂದೇ ಸಾಲು: ಸಂಬಳವಿರಲಿ, ಇಲ್ಲದಿರಲಿ, ಎಲ್ಲ ದುಡಿಮೆಯೂ ಇಪ್ಪತ್ತು ಗಂಟೆಯೊಳಗೇ ಸೇರತಕ್ಕದ್ದು.

ಅವರು ಅದನ್ನು ಮುಚ್ಚಿಡಲಿಲ್ಲ. ಅವತ್ತೇ ಹುಡುಗಿಯನ್ನು ಕರೆಸಿ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ಓದದೆ ಇದ್ದದ್ದು ನಾನು ಅಂದರು. ಹುಡುಗಿ ಆ ಸಾಲನ್ನು ಓದಿದಳು.

"ನಾನು ಎರಡು ಸಲ ಕೇಳಿದ್ದೆ ಅಕ್ಕ" ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ಅಕ್ಕನಿಗೆ ಅಷ್ಟಾದರೂ ಹಗುರಾಗುತ್ತಿತ್ತೋ ಏನೋ.

ತಪ್ಪು ನನ್ನದು, ಹುಡುಗಿಯದಲ್ಲ ಅಂತ ಅಕ್ಕ ಒಂದು ಹೇಳಿಕೆ ಬರೆದರು. ಅದನ್ನು ವಿಶ್ವವಿದ್ಯಾಲಯದ ಹೆಸರಿರುವ ಕಾಗದದಲ್ಲಿ ಬರೆಯಕೂಡದು ಅಂತ ಮೇಲಿನವರು ತಾಕೀತು ಮಾಡಿದರು. ಬಿಳಿ ಹಾಳೆಯಲ್ಲಿ ಬರೆದುಕೊಂಡು, ರಜೆ ಹಾಕಿ, ಹುಡುಗಿಯ ಜೊತೆ ಪರ್ಮಿಟ್ ಕಚೇರಿಗೆ ಹೋದರು. ಟೋಕನ್ ಹಿಡಿದು ಮೂರು ಗಂಟೆ ಕಾದರು. ಕಿಟಕಿಯ ಆಚೆ ಇದ್ದ ಗುಮಾಸ್ತೆ ಒರಟಳಲ್ಲ. ಹಾಳೆಯನ್ನು ಎರಡು ಸಲ ಓದಿದಳಂತೆ.

"ತಪ್ಪು ಯಾರದು ಅಂತ ಈ ಫಾರಂನಲ್ಲಿ ಎಲ್ಲೂ ಕೇಳಿಲ್ಲಮ್ಮ" ಅಂದು ಹಾಳೆಯನ್ನು ಗಾಜಿನ ಕೆಳಗಿಂದ ವಾಪಸು ತಳ್ಳಿದಳು. ಆದರೂ ಅಕ್ಕ ಮೇಲ್ಮನವಿ ಹಾಕಿಸಿದರು. ಒಂಬತ್ತೇ ದಿನದಲ್ಲಿ ಅದೂ ತಿರಸ್ಕೃತವಾಯಿತು.

ಮನೆಯಲ್ಲಿ ಅಕ್ಕ ಊಟ ಮಾಡುತ್ತಿರಲಿಲ್ಲ ಅಂತ ಅವರ ಗಂಡ ನನಗೆ ಆಮೇಲೆ ಹೇಳಿದರು. ಬಸ್ಸು ಓಡಿಸಿ ನಿವೃತ್ತರಾದವರು, ಮಾತು ಕಡಿಮೆ. ಇಷ್ಟು ಜನಕ್ಕೆ ಒಳ್ಳೇದು ಮಾಡಿದ್ದೀಯ, ಇದೊಂದು ಕೈತಪ್ಪಿ ಆದದ್ದು ಅಂತ ಸಮಾಧಾನ ಹೇಳಹೋದರಂತೆ.

"ನೀವು ಮೂವತ್ತು ವರ್ಷ ಬಸ್ಸು ಓಡಿಸಿದ್ರಿ" ಅಂದರಂತೆ ಅಕ್ಕ. "ಒಬ್ಬರ ಮೇಲೆ ಹತ್ತಿಸಿದ್ದಿದ್ರೆ, ಉಳಿದವರೆಲ್ಲ ಸರಿಯಾಗಿ ಇಳಿದುಕೊಂಡ್ರು ಅಂತ ಸುಮ್ಮನಿರ್ತಿದ್ರಾ?" ಗಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದರಂತೆ.

ಇಪ್ಪತ್ತೈದನೇ ದಿನ ಹುಡುಗಿ ಬೀಗದ ಕೈ ಒಪ್ಪಿಸಲು ನನ್ನ ಮೇಜಿಗೆ ಬಂದಳು. ಅಕ್ಕನ ಮೇಜು ಅಲ್ಲಿಂದ ನಾಲ್ಕು ಹೆಜ್ಜೆ. ಕೋಣೆಯ ಕಿಟಕಿಯ ಚಿಲಕ ಸಡಿಲವಾಗಿದೆ, ಮುಂದೆ ಬರುವವರಿಗೆ ಮೊದಲೇ ಹೇಳಿ ಅಂದಳು. ನಾನು ರಿಜಿಸ್ಟರ್ ತಿರುಗಿಸಿದೆ, ಸಹಿ ಹಾಕಿದಳು. ಅಕ್ಕ ಎದ್ದು ನಿಂತಿದ್ದರು. ಏನೋ ಹೇಳಬೇಕು ಅಂತ ಬಾಯಿ ತೆರೆದರು, ಅಷ್ಟರಲ್ಲಿ ಮೇಲೆ ತರಗತಿ ಬಿಟ್ಟಿತು. ಕಾಲ ಸದ್ದು ನಿಲ್ಲುವ ತನಕ ಇಬ್ಬರೂ ಮುಖ ನೋಡಿಕೊಂಡು ನಿಂತರು.

"ಬರ್ತೀನಿ ಅಕ್ಕ" ಅಂದಳು ಹುಡುಗಿ.

ಹೊರಡುವಾಗ ಯಾರಾದರೂ ಅನ್ನುವ ಮಾತೇ ಅದು. ಮೂರು ವರ್ಷ ಬರುವ ಹಾಗಿಲ್ಲದವಳ ಬಾಯಲ್ಲಿ ಕೇಳಿದಾಗ ನನಗೆ ರಿಜಿಸ್ಟರಿನಿಂದ ತಲೆ ಎತ್ತಲಾಗಲಿಲ್ಲ. ಅಕ್ಕ ಹ್ಞೂಂ ಅಂದರು, ಅಷ್ಟೇ.

ಸೇತುವೆ ತಪಾಸಣೆ ಕಚೇರಿಯ ಯಜಮಾನರು ಎರಡು ತಿಂಗಳು ಆ ಜಾಗ ಖಾಲಿ ಇಟ್ಟುಕೊಂಡಿದ್ದು, ಆಮೇಲೆ ಕೆಲಸ ನಿಲ್ಲುತ್ತದೆ ಅಂತ ಬೇರೊಬ್ಬರನ್ನು ಸೇರಿಸಿಕೊಂಡರು. ಹುಡುಗಿಗೆ ಅಕ್ಕ ಮೂರು ಸಲ ಪತ್ರ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ತಮ್ಮನ್ನು ಪ್ರಮಾಣಪತ್ರ ಕೊಡುವ ವಿಭಾಗಕ್ಕೆ ಹಾಕಿ ಅಂತ ಅಕ್ಕ ಮೇಲಿನವರನ್ನು ಕೇಳಿಕೊಂಡರು; ನಿಮ್ಮಷ್ಟು ತಿಳಿದವರು ಬೇರೆ ಯಾರೂ ಇಲ್ಲ ಅಂತ ಅಲ್ಲೇ ಉಳಿಸಿದರು.

ಈಗ ಅವರು ಯಾರಿಗೂ ಹೋಗು ಅನ್ನುವುದಿಲ್ಲ. ಏನು ಕೇಳಿದರೂ, ಓದಿ ನೋಡಿ ನಾಳೆ ಹೇಳ್ತೀನಿ ಅನ್ನುತ್ತಾರೆ. ನಾಳೆ ಬಂದರೆ ಪರ್ಮಿಟ್ ಕಚೇರಿಗೆ ಬರೆದು ಕೇಳಿದ್ದೀನಿ, ಉತ್ತರ ಬರಲಿ ಅನ್ನುತ್ತಾರೆ. ಆ ಉತ್ತರ ಬರುವಷ್ಟರಲ್ಲಿ ಖಾಲಿ ಇದ್ದ ಕೆಲಸ ಭರ್ತಿಯಾಗಿರುತ್ತದೆ. ಕಾದು ಬೇಸತ್ತ ಮಕ್ಕಳು ಹೊರಗಿನ ಏಜೆಂಟರ ಹತ್ತಿರ ಹೋಗುತ್ತಿದ್ದಾರೆ. ಕಳೆದ ವರ್ಷ ಅಕ್ಕನ ಕಡೆಯಿಂದ ಒಬ್ಬರಿಗೂ ಕೆಲಸ ಆಗಲಿಲ್ಲ.