ಅರ್ಧ ಟೆಂಟು

ಮುಂದಿನ ಕೋಣೆಯ ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿ, ಗಂಡ ಅದರ ಮೇಲೆ ಸಾಮಾನು ಹರಡಿಕೊಂಡು ಕೂತಿದ್ದನ್ನು ಕಂಡಾಗ ಅವಳಿಗೆ ಮೊದಲು ಆದದ್ದು ಸಮಾಧಾನ. ಜೊತೆಗೆ ಸವಾರಿ ಹೋಗುತ್ತಿದ್ದ ಬೇಕರಿಯಣ್ಣ ತೀರಿಕೊಂಡ ಮೇಲೆ ಈ ಮನುಷ್ಯ ಸೈಕಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲ. ಕನ್ನಡಕದ ಅಂಗಡಿಗೆ ನಡೆದೇ ಹೋಗುತ್ತಿದ್ದ, ನಡೆದೇ ಬರುತ್ತಿದ್ದ. ಏನು ಕೇಳಿದರೂ ಹೂಂ, ಇಲ್ಲವೆ ಊಹೂಂ. ಈಗ ಅಡುಗೆಮನೆಯ ತಕ್ಕಡಿ ಮತ್ತೆ ಮುಂದಿನ ಕೋಣೆಗೆ ಬಂದಿತ್ತು. ಮೊದಲಾದರೆ ಅದಕ್ಕೇ ಜಗಳ ತೆಗೆಯುತ್ತಿದ್ದಳು. ಇವತ್ತು ಸದ್ದಿಲ್ಲದೆ ಬಾಗಿಲಿಗೆ ಒರಗಿ ನಿಂತಳು.

ಅವನ ಕೆಲಸ ಕನ್ನಡಕದ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚಾದರೂ ಗಾಜು ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯಾದರೆ ಉದುರುತ್ತದೆ. ಇಪ್ಪತ್ತು ವರ್ಷ ಅದನ್ನೇ ಮಾಡಿದವನಿಗೆ ಆ ಬುದ್ಧಿ ಬೆರಳಿಂದ ತಲೆಗೂ ಏರಿತ್ತು. ಸೈಕಲ್ಲಿನಲ್ಲಿ ಹೋಗಿ ಒಂದು ರಾತ್ರಿ ಬಯಲಲ್ಲಿ ಮಲಗಿ ಬರುವುದಕ್ಕೆ, ಭಾರ ಕಡಿಮೆಯಾಗಲೆಂದು ಅವನು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ್ದ, ಟವೆಲ್ಲನ್ನು ಅರ್ಧ ಹರಿದಿದ್ದ, ಅಂಗಿಯ ಕಾಲರಿನ ಚೀಟಿ ಕಿತ್ತಿದ್ದ. ಕೊನೆಗೆ ಸೈಕಲ್ಲಿನ ಕ್ಯಾರಿಯರನ್ನೇ ಬಿಚ್ಚಿ ಅಟ್ಟಕ್ಕೆ ಎಸೆದಿದ್ದ. 'ಗ್ರಾಂ ಸಾಹುಕಾರ' ಎಂದು ಬೇಕರಿಯಣ್ಣ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಬೇಕರಿಯಣ್ಣ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವನು, ತೂಕದಲ್ಲಿ ಒಂದೂವರೆಯಷ್ಟು. ಒಲೆಯ ಮುಂದೆ ಬೆಂದು ಬೆಂದು ಮುಖ ಬನ್ನಿನ ಬಣ್ಣಕ್ಕೆ ತಿರುಗಿತ್ತು. ಹೊರಡುವ ಹಿಂದಿನ ಸಂಜೆ ಅವನೂ ಇದೇ ಬೆಡ್‌ಶೀಟಿನ ಆಚೆ ಬದಿಗೆ ಬಂದು ಕೂರಬೇಕು, ನಡುವೆ ಸಾಮಾನು ಪಾಲಾಗಬೇಕು. ಒಬ್ಬನೇ ಎಲ್ಲ ಹೊರುವುದು ದಡ್ಡತನ, ಇಬ್ಬರೂ ಎಲ್ಲವನ್ನೂ ಹೊರುವುದು ಇನ್ನೂ ದಡ್ಡತನ, ಎಂದು ಇವನ ವಾದ. ಹಾಗಾಗಿ ಟೆಂಟಿನ ಬಟ್ಟೆ ಇವನ ಚೀಲದಲ್ಲಿ, ಅದನ್ನು ಎತ್ತಿ ನಿಲ್ಲಿಸುವ ಕೋಲು, ಗೂಟಗಳು ಅವನದರಲ್ಲಿ. ಸ್ಟವ್ ಇವನದು, ಗ್ಯಾಸಿನ ಡಬ್ಬಿ ಅವನದು. ಪಂಪು ಇಲ್ಲಿ, ಪಂಚರಿನ ಸಾಮಾನು ಅಲ್ಲಿ.

"ಗಂಡ ಹೆಂಡ್ತಿ ಮಧ್ಯೆನೂ ಇಷ್ಟು ಕಟ್ಟುನಿಟ್ಟು ಇರಲ್ಲ ಕಣಮ್ಮ," ಎಂದು ಬೇಕರಿಯಣ್ಣ ಅವಳಿಗೆ ದೂರು ಹೇಳುತ್ತಿದ್ದ. "ನಾನು ಓಡಿ ಹೋದ್ರೆ ಇವನು ಬಟ್ಟೆ ಹೊದ್ಕೊಂಡು ಮಲಗ್ಬೇಕು, ಇವನು ಓಡಿ ಹೋದ್ರೆ ನಾನು ಕೋಲು ತಬ್ಕೊಂಡು ಮಲಗ್ಬೇಕು!"

ಹೀಗೆ ನಗಿಸುತ್ತಲೇ ಅವನು ತನ್ನ ಚೀಲದ ತಳಕ್ಕೆ ಒಂದು ಹತ್ತಿಯ ದಿಂಬನ್ನು ತುರುಕುತ್ತಿದ್ದ. ಇವನು ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಹಿಡಿದುಬಿಡುತ್ತಿದ್ದ. "ನಾನೂರು ಗ್ರಾಂ, ಅಣ್ಣ. ಅಂಗಿ ಸುತ್ತಿ ತಲೆ ಕೆಳಗೆ ಇಟ್ಕೋ." "ಹಿಟ್ಟು ನಾದಿ ನಾದಿ ಕುತ್ತಿಗೆ ಹಿಡ್ಕೊಂಡಿರತ್ತೆ ಕಣೋ ಪಾಪಿ!" ದಿಂಬು ಈಚೆ ಬರುತ್ತಿತ್ತು, ಇವನು ಸೈಕಲ್ಲಿನ ಲೈಟು ನೋಡಲು ತಿರುಗಿದಾಗ ಮತ್ತೆ ಒಳಗೆ ಹೋಗುತ್ತಿತ್ತು. ನಡುವೆ ನಿಂತು ಬೇಕರಿಯಣ್ಣನಿಗೆ ಕಣ್ಣು ಮಿಟುಕಿಸುತ್ತಿದ್ದವಳು ಅವಳೇ.

ಆ ಮನುಷ್ಯ ಬೇಕರಿಯಲ್ಲೇ, ಬೆಳಗಿನ ಹಿಟ್ಟು ಕಲಸುತ್ತಾ ಕಲಸುತ್ತಾ ಕುಸಿದುಬಿದ್ದು ಹೋದ. ಮೂರು ತಿಂಗಳಾಗಿತ್ತು.

ಬಾಗಿಲಿಗೆ ಒರಗಿದ್ದವಳು ನೋಡುತ್ತಾ ಹೋದಳು. ಗಂಡ ಟೆಂಟಿನ ಬಟ್ಟೆಯನ್ನು ಗಾಳಿ ಹೊರಡುವಂತೆ ಮಂಡಿಯಿಂದ ಒತ್ತಿ ಸುರುಳಿ ಸುತ್ತಿದ. ಸ್ಟವ್ ಒರೆಸಿ ಕಾಲು ಮಡಚಿ ಪಾತ್ರೆಯೊಳಗೆ ಇಟ್ಟ. ಪಂಪಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ಎಲ್ಲ ಚೀಲ ಸೇರಿತು, ಜಿಪ್ಪೂ ಎಳೆದಾಯಿತು. ಬೆಡ್‌ಶೀಟಿನ ಆಚೆ ಅರ್ಧ ಬರಿದಾಗಿಯೇ ಇತ್ತು. ಅವನು ಅದನ್ನು ಬರಿದಾಗಿಯೇ ಬಿಟ್ಟು ಕೂತಿದ್ದ ಎನ್ನುವುದು ಆಗ ಅವಳಿಗೆ ಹೊಳೆಯಿತು.

"ರೀ, ಟೆಂಟಿನ ಕೋಲು?"

"ಅಣ್ಣನ ಹತ್ರ ಇದೆಯಲ್ಲ."

ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ. ಮರೆತು ಹೇಳಿದನೋ, ತಿಳಿದು ಹೇಳಿದನೋ? ಮುಖ ನೋಡೋಣವೆಂದರೆ ತಕ್ಕಡಿಯ ಮೇಲೆ ಬಗ್ಗಿದ್ದ. ಚಳಿಗಾಲ. ಭಾನುವಾರ ಹೊರಡುವವನು ಕೆರೆಯ ಬಯಲಿನಲ್ಲಿ ಬರೀ ಬಟ್ಟೆ ಹೊದ್ದು ಮಲಗಿದರೆ ಗತಿಯೇನು? ಹೋಗಬೇಡಿ ಎಂದರೆ ಆ ಚೀಲ ಇನ್ನು ಯಾವತ್ತೂ ಗೋಡೆಯ ಗೂಟದಿಂದ ಇಳಿಯುವುದಿಲ್ಲ, ಅದೂ ಅವಳಿಗೆ ಗೊತ್ತಿತ್ತು.

ಮರುದಿನ ಅವಳು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮುಗಿಸಿ, ಗಂಡನಿಗೆ ಹೇಳದೆ ಬೇಕರಿಯಣ್ಣನ ಮನೆಗೆ ಹೋದಳು. ಅವನ ಹೆಂಡತಿಯನ್ನು ಅವಳು ಮೊದಲಿಂದಲೂ ಅಕ್ಕ ಎಂದೇ ಕರೆಯುತ್ತಿದ್ದದ್ದು. ಅಕ್ಕ ನೀರು ಕೊಟ್ಟಳು, ಕುರ್ಚಿ ಎಳೆದಳು, ವಿಷಯ ಕೇಳಿದ ಮೇಲೆ ಮಾತ್ರ ಎದ್ದು ಹೋಗಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಹಿಂದೆ ಗೋಡೆಗೆ, ಕ್ಯಾರಿಯರಿನ ಎರಡು ಬದಿಗೆ ಇಳಿಬಿಡುವ ಜೋಡಿ ಚೀಲ ತೂಗುತ್ತಿತ್ತು. ತುಂಬಿದ ಚೀಲ.

"ಆ ವಾರ ಹೋಗ್ಬೇಕಿತ್ತಲ್ಲ, ಮುಂಚೇನೇ ತುಂಬಿಟ್ಟಿದ್ರು," ಎಂದಳು ಅಕ್ಕ. "ಬಟ್ಟೆ ಎಲ್ಲ ಒಗೆದೆ. ಚಪ್ಪಲಿ ಯಾರಿಗೋ ಕೊಟ್ಟೆ. ಇದು ಮಾತ್ರ ಅವರು ಕಟ್ಟಿದ ಹಾಗೇ ಇದೆ. ಒಂದು ಸಲ ಬಿಚ್ಚಿದ್ರೆ ಆಮೇಲೆ ಯಾರು ಕಟ್ಟೋದು ಹೇಳು?"

"ಕೋಲು ಮಾತ್ರ ತೆಗೆದು…"

"ಕೋಲು ಅಂಗಡೀಲಿ ಸಿಗಲ್ವಾ?" ದನಿ ಗಟ್ಟಿಯಾಯಿತು. "ನಿನ್ನ ಗಂಡ ಮಣ್ಣಿಗೆ ಬಂದ. ಆಮೇಲೆ ಈ ಮನೆ ದಾರಿ ಮರೆತ. ಈಗ ಕೋಲು ಬೇಕಾಯ್ತಾ?"

ಮನೆಗೆ ಬಂದವಳು ಬಚ್ಚಿಡಲಾರದೆ ಎಲ್ಲವನ್ನೂ ಗಂಡನಿಗೆ ಒದರಿಬಿಟ್ಟಳು.

"ನಿನ್ನ ಯಾರು ಕಳಿಸಿದ್ರು ಅಲ್ಲಿಗೆ?" ಅವನು ಸಿಡಿದ. "ಏನಂದ್ಕೊಂಡ್ರು ಅತ್ತಿಗೆ? ನಾನು ಕೋಲಿಗೆ ಕಾಯ್ತಾ ಕೂತಿದ್ದೆ ಅಂತಾನಾ?"

"ಮತ್ತೆ ಹೊಸ ಕೋಲು ತಗೊಳ್ರಿ! ಅರ್ಧ ಟೆಂಟು ಹೊತ್ಕೊಂಡು ಎಲ್ಲಿಗೆ ಹೋಗ್ತೀರ? ನಿಮಗೆ ಬುದ್ಧಿ ನೆಟ್ಟಗಿದೆಯೋ ಇಲ್ವೋ ಅಂತ ನಂಗೆ ನಿದ್ದೆ ಇಲ್ಲ!"

ಅವನು ಚೀಲದಿಂದ ಸ್ಟವ್ ತೆಗೆದ. ಅದರ ಕಾಲನ್ನು ಬಿಚ್ಚಿದ, ಮಡಚಿದ.

"ಬುದ್ಧಿ ನೆಟ್ಟಗೇ ಇದೆ. ಅಂಗಡೀಲಿ ಕೋಲು ಕೈಗೆ ತಗೊಂಡು ನೋಡ್ದೆ ಕೂಡ. ಹಗುರವಾಗೇ ಇತ್ತು." ಸ್ಟವ್ವಿನ ಕಾಲು ಮತ್ತೆ ಬಿಚ್ಚಿದ. "ಅದನ್ನ ತಂದ್ರೆ ಟೆಂಟು ಪೂರ್ತಿ ನಂದೇ ಆಗ್ಬಿಡತ್ತಲ್ಲೇ. ಅದಕ್ಕೇ ವಾಪಸ್ ಇಟ್ಟು ಬಂದೆ."

ಅವಳು ಸ್ಟವ್ವನ್ನು ಅವನ ಕೈಯಿಂದ ತೆಗೆದು ಪಾತ್ರೆಯೊಳಗೆ ಇಟ್ಟಳು.

ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಆಟೋ ನಿಂತಿತು. ಅಕ್ಕ ಇಳಿದಳು. ಜೋಡಿ ಚೀಲವನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಒಳಗೆ ಬಂದು, ಯಾರ ಮುಖವನ್ನೂ ನೋಡದೆ ನೆಲದ ಮೇಲೆ ಇಟ್ಟಳು.

"ನೀನೇ ಬಿಚ್ಚು," ಎಂದಳು ಅವನಿಗೆ. "ನನ್ನ ಕೈಲಿ ಆಗ್ತಿಲ್ಲ. ಬೇರೆ ಯಾರೂ ಮುಟ್ಟೋದು ಬೇಡ."

"ಅತ್ತಿಗೆ, ನಾನು ಬರ್ಬೇಕಾಗಿತ್ತು…"

"ಬರ್ಬೇಕಾಗಿತ್ತು. ಬರ್ಲಿಲ್ಲ. ಬಿಚ್ಚು ಈಗ."

ಅವನು ಕೂತ. ಅಭ್ಯಾಸಬಲದಿಂದ ಚೀಲವನ್ನು ಮೊದಲು ಒಂದು ಕೈಯಲ್ಲಿ ಎತ್ತಿ ನೋಡಿದ. ಹುಬ್ಬು ಗಂಟಿಕ್ಕಿತು. ಮತ್ತೊಮ್ಮೆ ಎತ್ತಿದ. ಆಮೇಲೆ ಬಕಲು ತೆಗೆದು ಒಂದೊಂದೇ ಹೊರಗಿಟ್ಟ: ಕೋಲುಗಳ ಕಟ್ಟು, ಗೂಟದ ಚೀಲ, ಗ್ಯಾಸ್ ಡಬ್ಬಿ, ಪಂಚರಿನ ಸಾಮಾನು, ಸುತ್ತಿದ ಒಂದು ಉಣ್ಣೆ ಅಂಗಿ. ಒಂದು ಬದಿ ಮುಗಿಯಿತು. ಇನ್ನೊಂದು ಬದಿಗೆ ಮೊಣಕೈವರೆಗೆ ಕೈ ಇಳಿಸಿ ತಡಕಿದ, ತಳದ ಮೂಲೆಯನ್ನೂ ಬಿಡಲಿಲ್ಲ.

"ದಿಂಬು ಎಲ್ಲಿ?" ಎಂದ.

"ಹಾಸಿಗೆ ಮೇಲೇ ಬಿಟ್ಟಿದ್ರು," ಎಂದಳು ಅಕ್ಕ. "'ಈ ಸಲ ಬೇಡ, ನಾನು ಹೊತ್ತಿದ್ದು ತೂಗಿ ತೂಗಿ ಅವನಿಗೂ ಸಾಕಾಗಿರತ್ತೆ, ಒಂದ್ಸಲ ಅವನ ಲೆಕ್ಕಕ್ಕೆ ಸರಿಯಾಗಿ ಹೋಗ್ತೀನಿ' ಅಂದಿದ್ರು. ಅಂಗಿ ಸುತ್ತಿ ಇಟ್ಕೊಂಡ್ರು."

ಗಂಡ ಅಳುವುದನ್ನು ಅವಳು ನೋಡಿರಲಿಲ್ಲ, ಮಣ್ಣಿನ ದಿನವೂ. ಈಗ ಆ ಉಣ್ಣೆ ಅಂಗಿಯ ಸುರುಳಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಯಿ ತೆರೆದು, ಸದ್ದೇ ಇಲ್ಲದೆ ಅತ್ತ. ಅಕ್ಕ ಸಮಾಧಾನ ಮಾಡಲಿಲ್ಲ. ನಂತರ ಒರಟಾಗಿ, "ಕುತ್ತಿಗೆ ನೋವು ಹಿಟ್ಟಿಂದ ಬಂದಿದ್ದು, ನಿನ್ನಿಂದ ಅಲ್ಲ. ಏಳು, ಹೊತ್ತಾಗತ್ತೆ," ಎಂದಳು.

ಈಗ ಎಲ್ಲ ಸಾಮಾನು ಒಬ್ಬನ ಮುಂದೆ ಬಿದ್ದಿತ್ತು, ಸೈಕಲ್ಲು ಮಾತ್ರ ಒಂದು. ಕ್ಯಾರಿಯರಿಲ್ಲದ ಸೈಕಲ್ಲಿಗೆ ಜೋಡಿ ಚೀಲ ಇಳಿಬಿಡುವ ಹಾಗಿರಲಿಲ್ಲ. ತನ್ನ ಚೀಲವನ್ನು ಸೀಟಿನ ಹಿಂದೆ ಹಗ್ಗದಿಂದ ಕಟ್ಟಿ, ಕೋಲುಗಳನ್ನು ನಡುಕಂಬಿಗೆ ಬಿಗಿದ. ಗ್ಯಾಸ್ ಡಬ್ಬಿ ಹ್ಯಾಂಡಲ್ಲಿಗೆ ಹೋಯಿತು, ಗೂಟಗಳು ಜೇಬಿಗೆ. ಅಂಗಿಯನ್ನು ಅಕ್ಕನ ಕಡೆ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿದಳು. ಅದೂ ಸೀಟಿನ ಹಿಂದಿನ ಹಗ್ಗದಡಿ ಸೇರಿತು. ಯಾವುದನ್ನೂ ತೂಗಲಿಲ್ಲ. ಎಲ್ಲ ಕಟ್ಟಿ ಮುಗಿಸಿ ಸೈಕಲ್ಲು ಎತ್ತಿ ನೋಡಿದಾಗ ಮುಂದಿನ ಚಕ್ರ ತಾನಾಗಿ ಬಲಕ್ಕೆ ವಾಲಿತು.

"ಇವತ್ತು ಬೇಡ ಬಿಡ್ರಿ," ಎಂದು ಅವಳ ಬಾಯಿಗೆ ಬಂದಿತ್ತು. ಅಕ್ಕ ಅವಳ ಮುಂಗೈ ಹಿಡಿದಳು, ನೋವಾಗುವಷ್ಟು.

ಇಬ್ಬರೂ ಗೇಟಿನ ಬಳಿ ನಿಂತರು. ಅವನು ಹತ್ತಿ ನಾಲ್ಕು ಸಲ ಪೆಡಲು ತುಳಿದ. ಹ್ಯಾಂಡಲ್ಲು ಅಲ್ಲಾಡಿತು, ಕಾಲು ನೆಲಕ್ಕೆ ಊರಿದ. ಹಾಲಿನ ವ್ಯಾನಿನವನು ಹಾರ್ನು ಹೊಡೆದು ಪಕ್ಕದಿಂದ ಹೋದ. ಇನ್ನೊಮ್ಮೆ ಹತ್ತಿದ, ಮತ್ತೆ ವಾಲಿ ಇಳಿದ. ಹಿಂತಿರುಗಿ ಬರುತ್ತಾನೆ ಎಂದುಕೊಂಡಳು ಅವಳು. ಅರ್ಧ ಮನಸ್ಸು ಬರಲಿ ಎಂದೂ ಬೇಡುತ್ತಿತ್ತು.

ಅವನು ತಿರುಗಲಿಲ್ಲ. ಒಂದು ಕೈ ಸೀಟಿನ ಮೇಲೆ, ಒಂದು ಕೈ ಹ್ಯಾಂಡಲ್ಲಿನ ಮೇಲೆ ಇಟ್ಟು, ಬೆನ್ನು ಬಗ್ಗಿಸಿ ಸೈಕಲ್ಲನ್ನು ತಳ್ಳುತ್ತಾ ಬೀದಿಯ ಏರು ಹತ್ತತೊಡಗಿದ. ಕೆರೆಯವರೆಗೂ ತಳ್ಳಿಕೊಂಡೇ ಹೋಗುತ್ತಾನೋ, ಏರು ದಾಟಿದ ಮೇಲೆ ಹತ್ತುತ್ತಾನೋ ಇಲ್ಲಿಂದ ತಿಳಿಯುವ ಹಾಗಿರಲಿಲ್ಲ.

"ಅವನು ನಾಳೆ ಬರೋವರೆಗೂ ಇಲ್ಲೇ ಇರ್ತೀನಿ," ಎಂದಳು ಅಕ್ಕ. ಕೈ ಇನ್ನೂ ಬಿಟ್ಟಿರಲಿಲ್ಲ.