ಲಿವರಿಗೆ ಅವಸರವಿಲ್ಲ

ನನ್ನ ಲಿವರಿನ ಮೇಲೆ ನನಗೊಂದು ಗುಮಾನಿ. ಐವತ್ತೆಂಟು ವರ್ಷ ನನ್ನ ಅನ್ನವನ್ನೇ ಉಂಡರೂ ಅದು ಹೆಂಡತಿಯ ಪಕ್ಷದ್ದು.

ಸಂಶಯ ಹುಟ್ಟಿದ್ದು ಅಣ್ಣನ ಮಗಳು ಪ್ರೀಮಾಳ ಮದುವೆಯಲ್ಲಿ. ಮುನ್ನಾದಿನ ರೋಸ್, ಮದುಮಗಳಿಗೆ ತೆಂಗಿನ ಹಾಲೆರೆಯುವ ನಮ್ಮ ಕ್ರೈಸ್ತರ ಶಾಸ್ತ್ರ. ಹಾಲು ಅವಳ ತಲೆಗೆ, ಬೇರೆ ದ್ರವಗಳು ಗಂಡಸರ ಗಂಟಲಿಗೆ. ಅಣ್ಣ ಈಗಿಲ್ಲ. ಅವಳನ್ನು ಶಕ್ತಿನಗರದಿಂದ ಕೂಳೂರಿನಾಚೆಯ ಚರ್ಚಿಗೆ ನಾನೇ ಕಾರು ಬಿಟ್ಟು ಕರೆದೊಯ್ಯುವುದೆಂದು ತಿಂಗಳಿಂದ ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಹಾಗಾಗಿ ಉಪಾಯದಿಂದಲೇ ಕುಡಿದೆ. ಮೊದಲು ಕೊಬ್ಬಿರುವ ಹಂದಿಮಾಂಸ ತಿಂದರೆ ಮದ್ಯ ಮೈಗೆ ಹತ್ತುವುದಿಲ್ಲವೆಂಬುದು ನಮ್ಮ ಹಿರಿಯರ ವೈದ್ಯ. ಬೆಳಿಗ್ಗೆ ಗಂಜಿ, ಲಿಂಬೆ ಶರಬತ್ತು, ಕಡು ಕಾಫಿ, ತಣ್ಣೀರ ಸ್ನಾನ. ಹಲ್ಲು ಎರಡು ಸಲ ಉಜ್ಜಿದೆ. ಕೋಟು ಹಾಕಿ ಕನ್ನಡಿಯೆದುರು ಒಂಟಿಕಾಲಲ್ಲಿ ನಿಂತೂ ನೋಡಿದೆ. ಬೀಳಲಿಲ್ಲ.

ಹೆಂಡತಿ ಲೀನಾ ನರ್ಸು. ಕುಡಿದವರ ಮಾತನ್ನು ನಂಬುವ ಅಭ್ಯಾಸವೇ ಅವಳಿಗಿಲ್ಲ.

“ಕೊನೆಯ ಗ್ಲಾಸು ಎಷ್ಟು ಗಂಟೆಗೆ?”

“ಹತ್ತಕ್ಕೇ ಮುಗಿಯಿತಲ್ಲ ಮಾರಾಯ್ತಿ.”

“ಒಂದೂವರೆಗೆ ನೀವು ಹಾಡ್ತಾ ಇದ್ರಿ. ಕೈಯಲ್ಲಿ ಗ್ಲಾಸು ಇತ್ತು.”

“ಅಷ್ಟು ಮಾಂಸ ತಿಂದಿದ್ದೇನೆ, ಕಾಫಿ ಕುಡಿದಿದ್ದೇನೆ. ಇನ್ನು ಒಳಗೆ ಎಂತ ಉಂಟು?”

“ಮಾಂಸ ಮದ್ಯವನ್ನು ಹೊಟ್ಟೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ದು ಅಷ್ಟೆ. ಕರುಳಿಗೆ ಹೋದ ಮೇಲೆ ಎಲ್ಲ ರಕ್ತಕ್ಕೇ. ಕಾಫಿ ಕುಡಿದರೆ ನಿದ್ದೆ ಬಿಡ್ತದೆ, ಅಮಲು ಬಿಡುವುದಿಲ್ಲ. ಉಸಿರಲ್ಲಿ, ಮೂತ್ರದಲ್ಲಿ ಹೋಗುವುದು ಚೂರೇ ಚೂರು. ಉಳಿದದ್ದನ್ನು ಲಿವರು ನಿಧಾನಕ್ಕೇ ಕರಗಿಸುವುದು. ಅದನ್ನು ಓಡಿಸ್ಲಿಕ್ಕೆ ಆಗುವುದಿಲ್ಲ. ಕೀ ಕೊಡಿ.”

ನನ್ನ ಹೊಸ ಕಾರಿನ ಮೇಲೆ ಅವಳಿಗೆ ಮೊದಲಿನಿಂದಲೂ ಕಣ್ಣು. ಲಿವರು ಬರೀ ನೆಪವೆಂದೇ ಅನಿಸಿತು. ಆಗ ಬಿಳಿ ಗೌನು ಎತ್ತಿ ಹಿಡಿದು ಪ್ರೀಮಾ ಬಂದಳು.

“ಬಾಪ್ಪು, ಡ್ಯಾಡಿ ಇದ್ದಿದ್ರೆ ಇವತ್ತು ನಿಮಗೆ ಕಾರು ಬಿಡ್ಲಿಕ್ಕೆ ಕೊಡ್ತಿದ್ರಾ?”

ಬಾಪ್ಪು ಅಂದರೆ ಚಿಕ್ಕಪ್ಪ, ಡ್ಯಾಡಿ ಅಲ್ಲ. ಕೀ ಕೊಟ್ಟು ಅವಳ ಪಕ್ಕ ಹಿಂದೆ ಕೂತೆ.

ಕೂಳೂರು ಸೇತುವೆಯ ಹತ್ತಿರ ಪೊಲೀಸರು ಕುಡಿತ ಪತ್ತೆಯ ಯಂತ್ರ ಊದಿಸುತ್ತಿದ್ದರು. ಲೀನಾ ಊದಿದಳು, ಯಂತ್ರ ಸುಮ್ಮನಿತ್ತು. ಅಲ್ಲಿಗೆ ಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಗುಮಾನಿ ಬಿಡಬೇಕಲ್ಲ! ಹೆಂಡತಿಯ ಶಾಸ್ತ್ರ ಸುಳ್ಳೆಂದು ಅಲ್ಲೇ ತೋರಿಸಿಬಿಡೋಣವೆಂದು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಸಾರ್, ನನಗೂ ಒಮ್ಮೆ ಕೊಡಿ.”

ಊದಿದೆ. ಯಂತ್ರ ಸೇತುವೆಯುದ್ದಕ್ಕೂ ಕೇಳುವಂತೆ ಕಿರುಚಿತು. ಪೊಲೀಸಪ್ಪ ನಕ್ಕು, “ನೀವು ಹಿಂದೆಯೇ ಕೂತ್ಕೊಳ್ಳಿ,” ಎಂದ. ಲೀನಾ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಗೇರು ಹಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪ್ರೀಮಾಳ ಕೈ ಹಿಡಿದು ಚರ್ಚಿನೊಳಗೆ ನಡೆಸಿದ್ದು ಮಾತ್ರ ನಾನೇ. ಹಿಡಿದು ನಡೆಸಿದ್ದು ಅವಳೇ ಇರಬೇಕೆಂಬ ಗುಮಾನಿ ಈಗಲೂ ಇದೆ.