ಟೈಲರ್ ತಿಪ್ಪಣ್ಣನ ಓಣಿಯ ವೀರಗಲ್ಲು

ಟೈಲರ್ ತಿಪ್ಪಣ್ಣನ ಕೊರಳಲ್ಲಿ ಟೇಪು ಇಲ್ಲದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಮದುವೆ ಊಟಕ್ಕೂ ಅದನ್ನು ನೇತುಹಾಕಿಕೊಂಡೇ ಬರುತ್ತಿದ್ದ. ಆಂಧ್ರದ ಗಡಿಯೊಳಗಿನ ನಮ್ಮ ರಾಯದುರ್ಗದ ಅರ್ಧ ಊರು ಜೀನ್ಸ್ ಹೊಲಿಯಲು ಕುಳಿತರೂ ಇವನು ಅಂಗಿ ಬಿಡಲಿಲ್ಲ. "ಜೀನ್ಸಿಗೆ ಸೈಜ್ ಇರ್ತೈತ್ರಿ, ಮನುಷ್ಯಾಗ ಅಳತಿ ಇರ್ತೈತಿ" ಎನ್ನುತ್ತಿದ್ದ.

ಅವನ ಅಂಗಡಿಯೆದುರು ಒಂದು ವೀರಗಲ್ಲು. ಓಣಿಯಲ್ಲಿ ಯಾರೇ ಸತ್ತರೂ ಚಟ್ಟವನ್ನು ಅದರ ಮುಂದೆ ಒಂದು ಗಳಿಗೆ ಇಳಿಸಿ, ಕಲ್ಲಿಗೆ ಕುಂಕುಮ ಹಚ್ಚಿ ಮುಂದೆ ಹೋಗುವುದು ರೂಢಿ. ಒಮ್ಮೆ ಪುರಾತತ್ವ ಇಲಾಖೆಯವರು ತಾಲ್ಲೂಕಿನ ಹಳೆಯ ಕಲ್ಲುಗಳನ್ನು ಮುಂದೆ ಹೇಗೆ ಕಾಪಾಡುವುದೆಂದು ಅಲ್ಲೇ ಸಭೆ ಕರೆದರು. ಓಣಿಯವರು ಬಂದರು, ಕಾಲೇಜಿನ ಪರವಾಗಿ ನಾನು ಹೋದೆ. ಈ ಕಲ್ಲನ್ನು ಮ್ಯೂಸಿಯಂಗೆ ಸಾಗಿಸುವ ಮಾತೂ ಇತ್ತು.

ದೊಡ್ಡವರು ಬರುತ್ತಾರೆಂದು ತಿಪ್ಪಣ್ಣ ಹಿಂದಿನ ದಿನವೇ ಕಲ್ಲಿಗೆ ಪೇಂಟ್ ಹೊಡೆಸಿಬಿಟ್ಟಿದ್ದ! ಮೈಗೆಲ್ಲ ಬೆಳ್ಳಿ ಬಣ್ಣ, ಕುದುರೆಗೆ ಕೆಂಪು, ವೀರನ ಮೀಸೆಗೆ ಕಪ್ಪು. ನನಗೆ ನಗು ತಡೆಯಲಾಗಲಿಲ್ಲ. ಇಲಾಖೆಯಿಂದ ಬಂದಿದ್ದ ಅಧಿಕಾರಿ ಮೇಡಂ ಮಾತ್ರ ನಗಲಿಲ್ಲ. ಇದಕ್ಕೇ ಕಲ್ಲನ್ನು ಇಲ್ಲಿ ಬಿಡಬಾರದು ಎಂದು ತೆಲುಗಿನಲ್ಲಿ ಖಡಾಖಂಡಿತವಾಗಿ ಹೇಳಿದರು.

ತಿಪ್ಪಣ್ಣ ಎದ್ದು ನಿಂತ. "ತಪ್ಪು ನಂದಾ ಮೇಡಂ. ಮರ್ಯಾದಿ ಮಾಡಾಕ ಹೋಗಿ ಮಖ ಕೆಡಿಸೀನಿ. ಆದ್ರ ಕಲ್ಲು ಒಯ್ದ್ರ ನಮ್ಮ ಹೆಣ ಎಲ್ಲಿ ಇಳಸೋಣ್ರಿ? ಹಾಕ್ಕೊಳ್ಳೋರನ್ನ ಕೇಳ್ದ ಅಂಗಿ ಹೊಲಿತಾರೇನ್ರಿ?"

ಹಾಗಾದರೆ ಕಲ್ಲು ಕಾಪಾಡಲು ನೀವೇನು ಮಾಡುತ್ತೀರಿ ಎಂದು ಮೇಡಂ ಕೇಳಿದರು. ಅಲ್ಲಿಂದ ವಾದ ಸಂಜೆಯವರೆಗೂ ನಡೆಯಿತು. ಕೊನೆಗೆ ಕಲ್ಲು ಓಣಿಯಲ್ಲೇ ಉಳಿಯಿತು. ಪೇಂಟನ್ನು ಇಲಾಖೆಯವರು ತೆಗೆಸುವುದು, ಓಣಿಯವರು ಎಣ್ಣೆ, ಕುಂಕುಮ, ಬಣ್ಣ ಮುಟ್ಟಿಸದೆ ಬರೀ ಹೂವಿಡುವುದು ಎಂದು ಒಪ್ಪಂದವಾಯಿತು.

"ಕುಂಕುಮ ಇಲ್ದ ಎಂಥಾ ಪೂಜಿ?" ಎಂದು ಅವನ ಹೆಂಡತಿ ಹನುಮಕ್ಕನೇ ಜಗಳ ತೆಗೆದಳು. ತಿಪ್ಪಣ್ಣ ಜಗ್ಗಲಿಲ್ಲ. ಮಷೀನು ತುಳಿಯುತ್ತಲೇ ಕಲ್ಲಿನ ಮೇಲೆ ಕಣ್ಣಿಟ್ಟಿರುತ್ತಿದ್ದ, ಯಾರಾದರೂ ಕೈ ಚಾಚಿದರೆ ಅಲ್ಲಿಂದಲೇ ಗದರುತ್ತಿದ್ದ. ಹೆಚ್ಚು ಬೈಸಿಕೊಂಡವಳು ಹನುಮಕ್ಕನೇ.

ಹೋದ ವರ್ಷ ತಿಪ್ಪಣ್ಣ ತೀರಿಕೊಂಡ. ಓಣಿಯವರು ಚಟ್ಟವನ್ನು ಕಲ್ಲಿನ ಮುಂದೆ ಇಳಿಸಿದರು. ಕೊರಳಲ್ಲಿ ಟೇಪು ಇರಲಿಲ್ಲ. ಹನುಮಕ್ಕ ಕುಂಕುಮ ಅದ್ದಿದ ಬೆರಳನ್ನು ರೂಢಿಯಂತೆ ಕಲ್ಲಿನತ್ತ ಒಯ್ದವಳು ಅರ್ಧಕ್ಕೇ ಕೈ ತಡೆದಳು.

"ಬ್ಯಾಡವ್ವ, ಎದ್ದು ಬೈತಾರ" ಎಂದು, ಆ ಕುಂಕುಮವನ್ನು ಅವನ ಹಣೆಗೆ ಹಚ್ಚಿದಳು.